ಕಣದ ತೂಕ – ಕಂತು ಒಂಬತ್ತು: ಎಲ್ಲದಕ್ಕೂ ಒಂದೇ ಬೀಗ

“ಈ ಹಾಳೆ ಅವಳದೇ. ಅವಳೇ ಒಪ್ಕೊಂಡಿದಾಳೆ. ಇನ್ನೇನು ಪತ್ತೆ ಮಾಡೋಕೆ ಬಂದಿದೀರಿ ನೀವು?”

ಬೀಗದಮ್ಮ ಹಾಳೆಯನ್ನು ಮೇಜಿನ ಮೇಲೆ ಮಾವನ ಕಡೆಗೆ ತಳ್ಳಿದರು. ಅದರಲ್ಲಿ ಬಾಗಿ ಮೇಲೇರಿದ ಒಂದು ಗೆರೆ, ಗೆರೆಯ ಕೆಳಗೆ ಒಂದೇ ಒಂದು ಸಂಖ್ಯೆ. ಅಕ್ಕನ ಮಗಳ ಕೆಲಸ, ಮಾನ ಎರಡನ್ನೂ ಒಟ್ಟಿಗೆ ನುಂಗಿ ನೀರು ಕುಡಿಯಲು ಆ ಒಂದು ಸಂಖ್ಯೆ ಸಾಕಾಗಿತ್ತು.

ಮಾವ ಎಂದರೆ ಊರಿಗೆಲ್ಲ ಮಾವ. ಪೊಲೀಸ್ ಇಲಾಖೆಯಲ್ಲಿದ್ದಾಗ ಜೇಬುಗಳ್ಳರು ಇಟ್ಟ ಹೆಸರದು. ಇವರ ಕೈಗೆ ಸಿಕ್ಕವರೆಲ್ಲ ಸೀದಾ ಮಾವನ ಮನೆಗೇ ಹೋಗುತ್ತಿದ್ದರಲ್ಲ, ಅದಕ್ಕೆ. ನಿವೃತ್ತಿಯಾಗಿ ಖಾಸಗಿ ಪತ್ತೇದಾರಿಕೆ ಹಿಡಿದ ಮೇಲೂ ಹೆಸರು ಬೆನ್ನು ಬಿಡಲಿಲ್ಲ. ಹುಟ್ಟಿನಿಂದಲೇ ಹಾಗೆ ಕರೆಯುವ ಹಕ್ಕಿದ್ದವಳು ಮಾತ್ರ ಒಬ್ಬಳೇ, ಅಕ್ಕನ ಮಗಳು ಚೂಟಿ. ಅವಳೀಗ ಪಕ್ಕದ ಕುರ್ಚಿಯಲ್ಲಿ ಮುಖ ಬಾಡಿಸಿಕೊಂಡು, ಹೆಸರಿಗೆ ತಕ್ಕ ಒಂದು ಲಕ್ಷಣವೂ ಇಲ್ಲದೆ ಕೂತಿದ್ದಳು.

ಗುಟ್ಟಿನ ಸಂಖ್ಯೆ ಕದ್ದಳೆಂಬ ಆರೋಪದ ಮೇಲೆ ಅವಳನ್ನು ಕೆಲಸದಿಂದ ದೂರ ಇಟ್ಟು ಒಂದು ವಾರವಾಗಿತ್ತು. ಇವತ್ತು ಊಟವಾದ ಮೇಲೆ ಸಮಿತಿ ಕೂತು ಅವಳನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ತೀರ್ಮಾನಿಸಲಿತ್ತು. ಕಳಿಸಿದರೆ ಈ ವಿದ್ಯೆಯಲ್ಲಿ ಅವಳಿಗೆ ಇನ್ನೆಲ್ಲೂ ಬಾಗಿಲು ತೆರೆಯುವುದಿಲ್ಲ.

“ಮೇಡಂ, ಬೇಜಾರು ಮಾಡ್ಕೋಬೇಡಿ. ಬೀಗದ ಕಥೆ ಇನ್ನೊಂದ್ ಸಲ ಹೇಳಿ,” ಎಂದರು ಮಾವ. “ಲೆಕ್ಕ ಅಂದ್ರೆ ನನಗೆ ಸ್ಕೂಲಲ್ಲೇ ಎದೆ ಡವಡವ.”

ಬೀಗದಮ್ಮ ನಿಟ್ಟುಸಿರು ಬಿಟ್ಟರು. ಸಂಶೋಧನಾಲಯದ ಉಪನಿರ್ದೇಶಕಿ ಅವರು. ನೆಟ್ಟಗೆ ಕೂರುವ, ನೆಟ್ಟಗೆ ಮಾತಾಡುವ, ನಗುವುದನ್ನು ರಜೆಯ ದಿನಕ್ಕೆ ಎತ್ತಿಟ್ಟುಕೊಂಡ ಹೆಂಗಸು. ಈ ಕೆಲಸಕ್ಕೆ ಬೀಗ ಹಾಕಿದವರು ಅವರೇ ಆದ್ದರಿಂದ ಬೆನ್ನ ಹಿಂದೆ ಎಲ್ಲರೂ ಬೀಗದಮ್ಮ ಎನ್ನುತ್ತಿದ್ದರು. ಅವರಿಗೆ ಅದು ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇದ್ದರು.

“ಅಣುವಿನ ಒಳಗಿರೋ ಒಂದು ಕಣ. ಅದು ಎಷ್ಟು ಭಾರ ಅಂತ ಯಾರೂ ಇನ್ನೂ ಅಳೆದಿಲ್ಲ. ನಾವು ಅಳೆಯೋದಲ್ಲ, ಲೆಕ್ಕ ಹಾಕಿ ಹೇಳೋದು. ಕೆಳಗಡೆ ಕೋಣೆಯಲ್ಲಿರೋ ಗಣಕಯಂತ್ರ ಎರಡು ವರ್ಷದಿಂದ ಅದನ್ನೇ ಮಾಡ್ತಾ ಇದೆ. ಜಾಗವನ್ನೂ ಕಾಲವನ್ನೂ ಜಾಲರಿ ಥರ ಚೌಕ ಚೌಕ ಮಾಡಿ, ಒಂದೊಂದು ಗಂಟಿನಲ್ಲೂ ಏನಾಗುತ್ತೆ ಅಂತ ಲೆಕ್ಕ ಹಾಕುತ್ತೆ. ಕೊನೆಗೆ ಕಣದ ತೂಕ ಹೊರಗೆ ಬರುತ್ತೆ.”

“ಬೀಗ ಯಾಕೆ ಬೇಕು?”

“ಉತ್ತರ ಇಷ್ಟೇ ಬರ್ಬೇಕು ಅಂತ ಮನಸ್ಸಲ್ಲಿದ್ರೆ ಮನುಷ್ಯ ಗೊತ್ತಿಲ್ಲದ ಹಾಗೆ ಆ ಕಡೆಗೇ ವಾಲ್ತಾನೆ. ಒಳ್ಳೆಯವರೂ ವಾಲ್ತಾರೆ. ಅದಕ್ಕೇ ಯಂತ್ರ ಕೊಟ್ಟ ಅಂಕಿಗಳನ್ನ ನಾನು ಒಂದು ಗುಟ್ಟಿನ ಸಂಖ್ಯೆಯಿಂದ ಗುಣಿಸಿ ಇವರ ಕೈಗೆ ಕೊಟ್ಟೆ. ಅದೇ ಬೀಗ. ಇವಳೂ ಸೇರಿ ಮೂರು ಜನ ಬೇರೆ ಬೇರೆಯಾಗಿ ಲೆಕ್ಕ ಮುಗಿಸಿ ಉತ್ತರ ಒಪ್ಪಿಸ್ಬೇಕು. ಆಮೇಲೆ ಎಲ್ಲರ ಮುಂದೆ ಆ ಸಂಖ್ಯೆಯಿಂದ ಭಾಗಿಸಿ ಬೀಗ ತೆಗೀತೀವಿ. ಅಲ್ಲೀವರೆಗೆ ನಿಜವಾದ ಉತ್ತರ ಗೊತ್ತಿರೋದು ನನಗೊಬ್ಬಳಿಗೇ.”

ಬೀಗದಮ್ಮ ಬೆರಳಿನಿಂದ ಹಾಳೆಯನ್ನು ಕುಟ್ಟಿದರು.

“ಹೋದ ವಾರ ಮೊಗಸಾಲೆ ಪ್ರಿಂಟರಿನಲ್ಲಿ ಇದು ಬಿದ್ದಿತ್ತು. ಬೀಗ ಹಾಕಿದ ಅಂಕಿ ಹಿಡ್ಕೊಂಡು ಲೆಕ್ಕ ಮಾಡಿದೋಳ ಕೈಯಲ್ಲಿ ಬೀಗ ತೆಗೆದ ಉತ್ತರ! ನಾಲ್ಕು ಅಂಕಿ, ನಾಲ್ಕೂ ಹಾಗಹಾಗೇ. ಸಾಲದ್ದಕ್ಕೆ, ನಾನು ಊರಲ್ಲಿ ಇಲ್ಲದ ದಿನ ನನ್ನ ಹೆಸರಲ್ಲೇ ಯಾರೋ ಯಂತ್ರದ ಒಳಗೆ ಹೋಗಿ ಆ ಗುಟ್ಟಿನ ಸಂಖ್ಯೆ ತೆರೆದು ನೋಡಿದಾರೆ. ಯಂತ್ರದ ಕೋಣೆಯ ಮೇಲ್ವಿಚಾರಕರು ಅದನ್ನೂ ಕಂಡುಹಿಡಿದು ಹೇಳಿದ್ರು. ಇನ್ನೇನು ಬೇಕು?”

ಬೇಕಾದದ್ದೇನೂ ಇರಲಿಲ್ಲ. ಮಾವ ತಮ್ಮ ಕಾಲದಲ್ಲಿ ಇದರ ಅರ್ಧ ಸಾಕ್ಷಿಗೇ ಜನರನ್ನು ಒಳಗೆ ಹಾಕಿಸಿದ್ದರು. ಬೆಳಿಗ್ಗೆ ಅಕ್ಕ ಫೋನಿನಲ್ಲಿ ಅತ್ತಿರಲಿಲ್ಲ, ಬೈದಿರಲಿಲ್ಲ, “ನೋಡ್ಕೋ” ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದಳು. ಅಕ್ಕ ಬೈಯದೆ ಬಿಟ್ಟಳೆಂದರೆ ವಿಷಯ ಎಷ್ಟು ದೂರ ಹೋಗಿದೆ ಎಂದು ತಮ್ಮನಿಗೆ ಗೊತ್ತಿತ್ತು.

“ಚೂಟಿ,” ಎಂದರು. “ಈ ಸಂಖ್ಯೆ ಹೇಗೆ ಬಂತು?”

“ಗೊತ್ತಿಲ್ಲ ಮಾವ. ಎಲ್ಲರೂ ಮಾಡೋ ಹಾಗೇ ಮಾಡ್ದೆ. ನಾನೂ ಇದು ಬೀಗ ಹಾಕಿದ ಉತ್ತರ ಅಂತಲೇ ಅಂದ್ಕೊಂಡಿದ್ದೆ. ಇದೇ ನಿಜವಾದ ಉತ್ತರ ಅಂತ ಮೇಡಂ ಹೇಳಿದ ಮೇಲೇ ಗೊತ್ತಾಗಿದ್ದು. ವಾರದಿಂದ ಯೋಚನೆ ಮಾಡಿ ಮಾಡಿ, ನಿದ್ದೆಗಣ್ಣಲ್ಲಿ ನಾನೇ ಏನಾದ್ರೂ ಕದ್ದೆನೇನೋ ಅಂತ ಅನುಮಾನ ಬರೋಕೆ ಶುರುವಾಗಿದೆ.”

“ಅನುಮಾನ ಆಮೇಲೆ ಪಡು. ಎಲ್ಲರೂ ಮಾಡೋ ಹಾಗೆ ಅಂದ್ಯಲ್ಲ, ಅದನ್ನ ನನ್ನಂಥ ದಡ್ಡನಿಗೆ ಅರ್ಥ ಆಗೋ ಹಾಗೆ ಹೇಳು.”

ಚೂಟಿ ಸುತ್ತ ನೋಡಿದಳು. ಮಾವನ ಕುರ್ಚಿಗೆ ನೇತುಹಾಕಿದ್ದ ಕೊಡೆಯನ್ನು ಎತ್ತಿಕೊಂಡಳು.

“ಯಂತ್ರ ನಮಗೆ ತೂಕ ಅಂತ ಕೊಡಲ್ಲ ಮಾವ. ಬರೀ ಅಂಕಿ ಕೊಡುತ್ತೆ. ಈ ಕೊಡೆಯಿಂದ ಕೋಣೆ ಅಳೆದ ಹಾಗೆ. ನೋಡು, ಬಾಗಿಲು ಎರಡು ಕೊಡೆ. ಈ ಗೋಡೆ ಆರು ಕೊಡೆ. ಆದ್ರೆ ಕೊಡೆ ಎಷ್ಟುದ್ದ ಅಂತ ಯಾರಿಗೂ ಗೊತ್ತಿಲ್ಲ. ಆಗೇನ್ ಮಾಡ್ತೀಯ?”

“ಟೇಪು ತರಿಸ್ತೀನಿ.”

ಇಷ್ಟು ಹೊತ್ತಿನಲ್ಲಿ ಮೊದಲ ಸಲ ಅವಳ ತುಟಿಯಂಚು ಅಲುಗಿತು. “ಟೇಪು ಇಲ್ಲ. ಆದ್ರೆ ಬಾಗಿಲು ಏಳು ಅಡಿ ಅಂತ ಬೇರೆ ಕಡೆಯಿಂದ ಗೊತ್ತಿದೆ ಅಂದ್ಕೋ. ಗೋಡೆ ಬಾಗಿಲಿನ ಮೂರರಷ್ಟು. ಹಾಗಾದ್ರೆ ಇಪ್ಪತ್ತೊಂದು ಅಡಿ. ನಮ್ಮದೂ ಅಷ್ಟೇ. ತೂಕ ಗೊತ್ತಿರೋ ಒಂದು ಹಳೇ ಕಣ ತಗೋತೀವಿ, ಅದು ಬಾಗಿಲು. ಗೊತ್ತಿಲ್ಲದ ಹೊಸ ಕಣ ಗೋಡೆ. ಎರಡನ್ನೂ ಅದೇ ಜಾಲರಿಯಲ್ಲಿ ಲೆಕ್ಕ ಹಾಕಿ, ಇದು ಅದರ ಎಷ್ಟು ಪಾಲು ಅಂತ ನೋಡ್ತೀವಿ.”

ಮಾವ ಬಾಗಿಲನ್ನು ನೋಡಿದರು, ಗೋಡೆಯನ್ನು ನೋಡಿದರು. ಕಳ್ಳತನವಾದ ಮನೆಗೆ ಹೋದಾಗ ಅವರು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಬೀಗ ಯಾವ ಬಾಗಿಲಿಗೆ ಹಾಕಿತ್ತು? ನಾಲಿಗೆಗೆ ಅದೇ ಬಂತು.

“ಮೇಡಂ, ನಿಮ್ಮ ಗುಟ್ಟಿನ ಸಂಖ್ಯೆಯಿಂದ ಗೋಡೆಯನ್ನ ಮಾತ್ರ ಗುಣಿಸಿದ್ರಾ, ಬಾಗಿಲನ್ನೂ ಗುಣಿಸಿದ್ರಾ?”

ಚೂಟಿ ತಟ್ಟನೆ ಮಾವನ ತೋಳು ಹಿಡಿದಳು. “ಮಾವ, ಬೀಗದ ಬಗ್ಗೆ ಕೇಳಬಾರದು.”

“ಯಾಕೆ?”

“ನಮ್ಮಲ್ಲಿ ಹಾಗೇ ಪದ್ಧತಿ. ಬೀಗ ಹಾಕಿದೋರನ್ನ ಯಾರೂ ಏನೂ ಕೇಳೋ ಹಾಗಿಲ್ಲ. ಎಲ್ಲಿ ಹಾಕಿದ್ರಿ, ಹೇಗೆ ಹಾಕಿದ್ರಿ, ಒಂದು ಅಕ್ಷರಾನೂ ಕೇಳೋ ಹಾಗಿಲ್ಲ. ಕೇಳಿದ್ರೆ ಸುಳಿವು ಸಿಗುತ್ತಲ್ಲ. ಎರಡು ವರ್ಷದಲ್ಲಿ ಆ ಮಾತು ಯಾರೂ ಎತ್ತಿಲ್ಲ.”

“ನಾನು ನಿಮ್ಮಲ್ಲಿಯವನಲ್ಲ,” ಎಂದರು ಮಾವ. “ಹೇಳಿ ಮೇಡಂ.”

ಬೀಗದಮ್ಮನ ಕುತ್ತಿಗೆ ಇನ್ನಷ್ಟು ನೆಟ್ಟಗಾಯಿತು. “ನಾನು ಯಾವುದಕ್ಕೂ ಪಕ್ಷಪಾತ ಮಾಡೋಳಲ್ಲ. ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಟ್ರೆ, ಯಾವುದು ಮುಖ್ಯ ಅಂತ ನಾನೇ ತೋರಿಸಿಕೊಟ್ಟ ಹಾಗೆ ಆಗಲ್ವಾ? ಎಲ್ಲ ಅಂಕಿಗಳನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದೀನಿ.”

ಕೊಡೆ ಚೂಟಿಯ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

“ಎಲ್ಲವನ್ನೂ? ಹಳೇ ಕಣವನ್ನೂ?”

“ಹೇಳಿದ್ನಲ್ಲ, ಎಲ್ಲವನ್ನೂ.”

“ಮೇಡಂ!” ಚೂಟಿ ಎದ್ದು ನಿಂತಿದ್ದಳು. “ಬಾಗಿಲು ಎರಡು, ಗೋಡೆ ಆರು. ಎರಡನ್ನೂ ಐದರಿಂದ ಗುಣಿಸಿ. ಬಾಗಿಲು ಹತ್ತು, ಗೋಡೆ ಮೂವತ್ತು. ಗೋಡೆ ಈಗಲೂ ಮೂರು ಬಾಗಿಲೇ! ಐದಲ್ಲ, ಐನೂರು ಹಾಕಿ, ಮೂರೇ! ಒಂದರಿಂದ ಒಂದನ್ನ ಭಾಗಿಸಿದ ತಕ್ಷಣ ನಿಮ್ಮ ಸಂಖ್ಯೆ ಹಾರಿಹೋಗುತ್ತೆ. ಬೀಗ ಇರಲೇ ಇಲ್ಲ ಮೇಡಂ. ಒಂದು ದಿನವೂ ಇರಲಿಲ್ಲ. ನಾವು ಮಾಡಿದ ಲೆಕ್ಕಕ್ಕೆಲ್ಲ ಮೊದಲಿನಿಂದಲೂ ನಿಜವಾದ ಉತ್ತರವೇ ಬರ್ತಾ ಇತ್ತು. ನಮಗೇ ಗೊತ್ತಿರಲಿಲ್ಲ!”

ಬೀಗದಮ್ಮ ಬಹಳ ಮೆಲ್ಲಗೆ, “ಇಲ್ಲ, ಅದು ಹೇಗಾಗುತ್ತೆ,” ಎಂದರು. ಅದು ಹೇಗಾಗುತ್ತದೆ ಎಂದು ಅವರಿಗೆ ಅಷ್ಟರಲ್ಲೇ ಅರ್ಥವಾಗಿರುವುದು ಮುಖದಲ್ಲಿ ಕಾಣುತ್ತಿತ್ತು. ಎಳೆಯ ಮಕ್ಕಳ ಲೆಕ್ಕ ಅದು. ಇಷ್ಟು ಓದಿದವರ ಗುಂಪಿನಲ್ಲಿ ಯಾರೂ ಅದನ್ನು ಮಾಡಿ ನೋಡಿರಲಿಲ್ಲ, ಏಕೆಂದರೆ ಮಾಡಿ ನೋಡುವುದು ಮರ್ಯಾದೆಯಾಗಿರಲಿಲ್ಲ.

“ಬಾಯಿಮಾತು ಬೇಡ,” ಎಂದರು ಮಾವ. ಆಸೆ ಕಂಡ ಕೂಡಲೇ ಕುಣಿದು ಕೆಟ್ಟ ಪ್ರಕರಣಗಳನ್ನು ಅವರು ಬೇಕಾದಷ್ಟು ನೋಡಿದ್ದರು. “ಈಗಲೇ ಹೊಸ ಬೀಗ ಹಾಕಿ. ಸಂಖ್ಯೆ ನಾನು ಕೊಡ್ತೀನಿ. ಇವಳು ಯಂತ್ರ ಮುಟ್ಟೋದು ಬೇಡ, ಕಿಟಕಿ ಹತ್ತಿರ ಹೋಗಿ ನಿಂತ್ಕೊಳ್ಳಲಿ. ನೀವೇ ಲೆಕ್ಕ ಮಾಡಿ.”

ಬೀಗದಮ್ಮ ಪರದೆಯ ಮುಂದೆ ಕೂತರು. ಮಾವ ಬಗ್ಗಿ ಅವರ ಕಿವಿಯಲ್ಲಿ ತಮ್ಮ ಹಳೆಯ ಪೊಲೀಸ್ ಬಿಲ್ಲೆಯ ನಂಬರು ಹೇಳಿದರು. ಇಷ್ಟು ವರ್ಷ ಎದೆಯ ಮೇಲೆ ಹೊತ್ತ ನಂಬರು, ಇವತ್ತಾದರೂ ಮನೆಯ ಮಗಳ ಕೆಲಸಕ್ಕೆ ಬರಲಿ ಎಂದುಕೊಂಡರು. ಬೀಗದಮ್ಮ ಯಂತ್ರ ಕೊಟ್ಟಿದ್ದ ಮೂಲ ಅಂಕಿಗಳನ್ನೆಲ್ಲ ಅದರಿಂದ ಗುಣಿಸಿದರು. ಅಂಕಿಗಳು ಊದಿಕೊಂಡು ಗುರುತೇ ಸಿಗದಂತಾದವು. ಆಮೇಲೆ ಹೊಸ ಕಣವನ್ನು ಹಳೆಯ ಕಣದಿಂದ ಭಾಗಿಸಲು ಹೇಳಿ ಕೈಕಟ್ಟಿ ಕೂತರು.

ಪರದೆಯ ಮೇಲೆ ಗೆರೆ ಎದ್ದಿತು. ಕೆಳಗೆ ಸಂಖ್ಯೆ ಬಂತು.

ಬೀಗದಮ್ಮ ಚೂಟಿಯ ಹಾಳೆಯನ್ನು ಪರದೆಯ ಪಕ್ಕಕ್ಕೆ ಹಿಡಿದರು. ನಾಲ್ಕು ಅಂಕಿ, ನಾಲ್ಕೂ ಹಾಗಹಾಗೇ.

“ಅಯ್ಯೋ ದೇವರೇ,” ಎಂದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ಮಾವ ನೀರಿನ ಲೋಟ ಹುಡುಕತೊಡಗಿದರೆ, ಕೈ ತೆಗೆದಾಗ ಆ ಹೆಂಗಸು ನಗುತ್ತಿದ್ದರು. ನಗುತ್ತಲೇ ಕಣ್ಣಲ್ಲಿ ನೀರು.

“ಒಂದು ವಾರದಿಂದ ಅನ್ನ ಸೇರಿಲ್ಲ ಕಣೇ ನನಗೆ,” ಎಂದರು ಚೂಟಿಗೆ. “ನಮ್ಮಲ್ಲಿ ಇರೋ ಒಬ್ಬ ಒಳ್ಳೇ ಹುಡುಗೀನ ನಾನೇ ಕೈಯಾರೆ ಹೊರಗೆ ಹಾಕ್ತಾ ಇದೀನಲ್ಲ ಅಂತ. ತಪ್ಪು ನನ್ನದು. ಸಮಿತಿ ಮುಂದೆ ಇದೇ ಬಾಯಲ್ಲಿ ಹೇಳ್ತೀನಿ.”

“ಇನ್ನೊಂದಿದೆ ಮೇಡಂ,” ಎಂದಳು ಚೂಟಿ. ದನಿಗೆ ಹಳೆಯ ಚುರುಕು ಮರಳಿತ್ತು. “ನಾನು ಗುಟ್ಟಿನ ಸಂಖ್ಯೆ ಕದ್ದು ಬಳಸಿದ್ರೆ ನನ್ನ ಉತ್ತರ ಸರಿ ಬರ್ತಾನೇ ಇರಲಿಲ್ಲ. ಬೀಗ ಇಲ್ಲದ್ದಕ್ಕೆ ಕೀಲಿ ತಿರುಗಿಸಿದ್ರೆ ಕೆಡುತ್ತೆ ಅಷ್ಟೇ. ನನ್ನದು ಸರಿ ಬಂದಿದೆ ಅನ್ನೋದೇ ನಾನು ಕದ್ದಿಲ್ಲ ಅನ್ನೋದಕ್ಕೆ ಸಾಕ್ಷಿ.”

ಮಾವನಿಗೆ ಈಗ ಕೂರಬೇಕೆನಿಸಿತು. ಕೂತರು. ಎಷ್ಟೋ ಕಳ್ಳರನ್ನು ಹಿಡಿದ ಮನುಷ್ಯ, ಒಬ್ಬಳು ಕಳ್ಳಿಯಲ್ಲ ಎಂದು ತಿಳಿದಾಗ ಇಷ್ಟು ಹಗುರಾಗಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಚಹಾ ಬಂತು. ಚೂಟಿ ಮನೆಗೆ ಫೋನ್ ಮಾಡಿ “ಅಮ್ಮಾ, ಆಯ್ತು, ಎಲ್ಲ ಸರಿ ಹೋಯ್ತು” ಎಂದು ಇನ್ನೂ ಮುಗಿಸುವ ಮೊದಲೇ ಆ ಕಡೆಯಿಂದ ಮಾತಿನ ಮಳೆ ಸುರಿಯಿತು. ಅವಳು ಫೋನನ್ನು ಮಾವನಿಗೆ ದಾಟಿಸಿದಳು.

“ಇದನ್ನ ಮಾಡೋಕೆ ಒಂದು ವಾರ ಬೇಕಾಯ್ತಾ ನಿನಗೆ?” ಎಂದು ಅಕ್ಕ ಗದರಿದಳು. “ಮಗು ಕಡ್ಡಿಯಾಗಿ ಹೋಗಿದೆ. ಮೊದಲು ಅದಕ್ಕೆ ಏನಾದ್ರೂ ತಿನ್ನಿಸು. ನೀನೂ ತಿನ್ನು.”

ಅಕ್ಕ ಬೈದಳು. ಮಾವನಿಗೆ ಲೋಕ ಮತ್ತೆ ತನ್ನ ಜಾಗಕ್ಕೆ ಬಂದು ಕೂತ ಹಾಗಾಯಿತು.

“ಮಾವ, ಎಲ್ಲಕ್ಕಿಂತ ದೊಡ್ಡ ಖುಷಿ ಗೊತ್ತಾ?” ಚೂಟಿ ಚಹಾ ಲೋಟ ಹಿಡಿದು ಕೋಣೆಯ ತುಂಬ ಓಡಾಡುತ್ತಿದ್ದಳು. “ನನ್ನ ಉತ್ತರವೇ ನಿಜವಾದ ಉತ್ತರ ಅಂದ್ರೆ, ಮೇಷ್ಟ್ರು ಹೇಳಿದ್ದೇ ನಿಜ! ಯಂತ್ರ ಗಿಂತ್ರ ಇಲ್ಲದ ಕಾಲದಲ್ಲಿ ಪೆನ್ಸಿಲ್ ಹಿಡ್ಕೊಂಡು ಈ ಕಣ ಇಷ್ಟು ಭಾರ ಇರುತ್ತೆ ಅಂದಿದ್ರಲ್ಲ, ಅದೇ ಬಂದಿದೆ! ಊರೆಲ್ಲ ನಕ್ಕಿದ್ರು ಅವರನ್ನ ನೋಡಿ.”

ಮೇಷ್ಟ್ರು ಎಂದರೆ ಈ ಗುಂಪಿನ ಹಿರಿಯರು, ಮೂರು ಜನ ಲೆಕ್ಕಿಗರಲ್ಲಿ ಒಬ್ಬರು. ಚೂಟಿಗೆ ಈ ವಿದ್ಯೆಯ ಓನಾಮ ಕಲಿಸಿದವರು. ಅವಳ ಮೇಲೆ ಆರೋಪ ಬಂದ ದಿನ ಮಾವನ ಮನೆಗೆ ತಾವಾಗಿ ಬಂದು, “ಹುಡುಗೀನ ಉಳಿಸಿಕೊಡಿ” ಎಂದು ಕೈ ಹಿಡಿದುಕೊಂಡಿದ್ದರು. ಈ ವರ್ಷ ನಿವೃತ್ತಿ.

“ಹೌದು,” ಎಂದರು ಬೀಗದಮ್ಮ, ಈಗ ಧಾರಾಳವಾಗಿ ನಗುತ್ತ. “ನಾನು ಮೊದಲ ದಿನವೇ ನೋಡಿ ಬೆರಗಾದೆ. ಹೇಳೋ ಹಾಗಿರಲಿಲ್ಲ. ನಿವೃತ್ತಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಏನಿದೆ?”

ಮಾವ ಚಹಾ ಮುಗಿಸಿ ಲೋಟ ಕೆಳಗಿಟ್ಟರು. ಇಲ್ಲಿಗೆ ಎದ್ದು ಅಕ್ಕನ ಮಗಳನ್ನು ಕರೆದುಕೊಂಡು ಹೋಗಿ ಹೊಟ್ಟೆ ತುಂಬ ಊಟ ಹಾಕಿಸಬಹುದಿತ್ತು. ಹುಟ್ಟುಗುಣ ಬಿಡಲಿಲ್ಲ.

“ಮೇಡಂ, ನೀವು ಊರಲ್ಲಿ ಇಲ್ಲದ ದಿನ ಯಾರೋ ಆ ಸಂಖ್ಯೆ ತೆರೆದು ನೋಡಿದ್ರಲ್ಲ. ಅದು ಸುಳ್ಳಾಗಲಿಲ್ಲ.”

ಬೀಗದಮ್ಮನ ನಗು ನಿಧಾನಕ್ಕೆ ಇಳಿಯಿತು.

“ಬೀಗ ಬರೀ ತೋರಿಕೆ ಅಂತ ನಮಗೆ ಈಗ ಗೊತ್ತಾಯ್ತು, ಸರಿ. ಕೀಲಿ ಕದ್ದವನಿಗೆ ಅದು ಗೊತ್ತಿಲ್ಲ. ಅವನು ಬೀಗ ಇದೆ ಅಂತ ನಂಬಿದಾನೆ. ಏನ್ ಮಾಡಿರ್ತಾನೆ?”

“ತನ್ನ ಉತ್ತರಾನ ನನ್ನ ಸಂಖ್ಯೆಯಿಂದ ಭಾಗಿಸಿ ನೋಡಿರ್ತಾನೆ,” ಎಂದರು ಬೀಗದಮ್ಮ. “ನನ್ನ ಸಂಖ್ಯೆ ಒಂದಕ್ಕಿಂತ ಸ್ವಲ್ಪವೇ ದೊಡ್ಡದು, ನೂರಕ್ಕೆ ಮೂರರಷ್ಟು. ಹಾಗಾಗಿ ಅವನಿಗೆ ಉತ್ತರ ಅಷ್ಟು ಕಮ್ಮಿ ಕಂಡಿರುತ್ತೆ. ಇಷ್ಟೇ ಬರ್ಬೇಕು ಅಂತ ಮೊದಲೇ ಮನಸ್ಸಲ್ಲಿ ಒಂದು ಉತ್ತರ ಇಟ್ಕೊಂಡೋನಾದ್ರೆ, ಎಲ್ಲೋ ಎಡವಿದೆ ಅಂತ ಅಲ್ಲಿ ತಿದ್ದಿ ಇಲ್ಲಿ ತಿದ್ದಿ ತನ್ನ ಲೆಕ್ಕಾನ ಅಷ್ಟೇ ಮೇಲಕ್ಕೆ ಎಳೆದಿರ್ತಾನೆ. ಬೀಗ ತೆಗೆದಾಗ ಸರಿಯಾಗಿ ಕಾಣಲಿ ಅಂತ.”

“ಅಂದ್ರೆ ಸರಿ ಇದ್ದದ್ದನ್ನೇ ಕೆಡಿಸಿಕೊಂಡಿರ್ತಾನೆ. ನೂರಕ್ಕೆ ಮೂರು ಜಾಸ್ತಿ.”

“ನನ್ನ ಗುಟ್ಟಿನ ಸಂಖ್ಯೆಯಷ್ಟು ಜಾಸ್ತಿ. ಒಂದು ಕೂದಲೆಳೆ ಆಚೆ ಈಚೆ ಇಲ್ಲ.” ಬೀಗದಮ್ಮ ಆಗಲೇ ಪರದೆಯ ಕಡೆ ತಿರುಗಿದ್ದರು. “ನಮ್ಮ ಗಡ್ಡದವನು ಹೋದ ತಿಂಗಳೇ ಒಪ್ಪಿಸಿದಾನೆ, ಮೂರೂ ಸೇರಲಿ ಅಂತ ನಾನಿನ್ನೂ ತೆರೆದಿಲ್ಲ. ನೋಡೇಬಿಡೋಣ.”

ಮೂರನೆಯ ಲೆಕ್ಕಿಗ, ಗಡ್ಡ ಬಿಟ್ಟ ಮಾತಿಲ್ಲದ ಮನುಷ್ಯ. ಅವನ ಉತ್ತರ ತೆರೆದುಕೊಂಡಿತು. ಚೂಟಿಯದಕ್ಕೂ ಅದಕ್ಕೂ ಕೊನೆಯ ಅಂಕಿಯಲ್ಲಿ ಮಾತ್ರ ತುಸು ವ್ಯತ್ಯಾಸ. ಪಾಪ, ಅವನೂ ಹಾಲಿನಷ್ಟು ಬಿಳಿ.

“ಉಳಿದಿದ್ದು ಮೇಷ್ಟ್ರದು,” ಎಂದರು ಬೀಗದಮ್ಮ. ಮಾತು ಬಾಯಿಂದ ಹೊರಟ ಮೇಲೆ ಅದರ ಭಾರ ಅವರಿಗೇ ತಾಗಿತು. “ಅವರಿನ್ನೂ ಒಪ್ಪಿಸಿಲ್ಲ. ನಾಳೆ ಕೊನೇ ದಿನ.” ಚೂಟಿಯ ಕಡೆ ತಿರುಗಿದರು. “ಅವರ ಲೆಕ್ಕದ ಚಿತ್ರಗಳನ್ನೆಲ್ಲ ನೀನೇ ಅಲ್ವಾ ಸರಿಮಾಡಿ ಕೊಟ್ಟಿದ್ದು? ಅವರ ಉತ್ತರ ಎಷ್ಟು ಬಂದಿತ್ತು?”

ಚೂಟಿ ಓಡಾಡುವುದನ್ನು ನಿಲ್ಲಿಸಿದ್ದಳು. ಯಾವಾಗ ನಿಲ್ಲಿಸಿದಳೆಂದು ಮಾವ ಗಮನಿಸಿರಲಿಲ್ಲ.

“ನೆನಪಿಲ್ಲ ಮೇಡಂ,” ಎಂದಳು.

ಸಣ್ಣವಳಿದ್ದಾಗ ದಾರಿಯಲ್ಲಿ ಹೋದ ಲಾರಿಗಳ ನಂಬರನ್ನೆಲ್ಲ ಊಟಕ್ಕೆ ಕೂತಾಗ ಸಾಲಾಗಿ ಒಪ್ಪಿಸುತ್ತಿದ್ದ ಹುಡುಗಿ. ಒಂದು ಅಂಕಿ ಮರೆತದ್ದನ್ನು ಮಾವ ಈವರೆಗೆ ಕಂಡಿರಲಿಲ್ಲ. ಇಡೀ ವಾರ ಸುಳ್ಳಿಯೆಂದು ಕರೆಸಿಕೊಂಡು ಒಂದೂ ಸುಳ್ಳು ಹೇಳದವಳು, ಬಿಡುಗಡೆಯಾದ ಗಳಿಗೆಯಲ್ಲಿ ಮೊದಲ ಸುಳ್ಳು ಹೇಳಿದಳು. ಮಾವನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಸಂಕಟವಾಯಿತು.

ಬಾಗಿಲು ತಟ್ಟಿದ ಸದ್ದಾಯಿತು. ತಟ್ಟಿದವರು ಉತ್ತರಕ್ಕೆ ಕಾಯದೆ ಒಳಗೆ ಬಂದರು.

“ಚಹಾ ಕೊಟ್ಟೋನು ಹೇಳಿದ, ಒಳಗೆ ನಗು ಕೇಳಿಸ್ತಾ ಇದೆ ಅಂತ!” ಮೇಷ್ಟ್ರ ಕೂದಲು ಕೆದರಿತ್ತು, ಅಂಗಿಯ ಒಂದು ತೋಳು ಮಡಚಿತ್ತು, ಇನ್ನೊಂದು ಇಳಿಬಿದ್ದಿತ್ತು. ನೇರ ಚೂಟಿಯ ಬಳಿಗೆ ಹೋಗಿ ಅವಳ ತಲೆಯ ಮೇಲೆ ಕೈಯಿಟ್ಟರು. ಕಣ್ಣು ತುಂಬಿತ್ತು. ಆ ಸಂತೋಷದಲ್ಲಿ ನಟನೆಯಿರಲಿಲ್ಲ. ನಟನೆ ಯಾವುದೆಂದು ಮಾವನಿಗೆ ಗೊತ್ತು. “ಬಿಟ್ರಾ ತಾಯಿ? ಅಂತೂ ಬಿಟ್ರಾ? ನಾನು ಮೊದಲೇ ಹೇಳಿರಲಿಲ್ವಾ! ಹೇಗೆ ಬಿಡಿಸಿಕೊಂಡೆ, ಏನು ಸಿಕ್ತು?”

ಬೀಗದಮ್ಮ ಮಾವನ ಮುಖ ನೋಡಿದರು. ಮಾವ ತುಸುವೇ ತಲೆ ಅಲ್ಲಾಡಿಸಿದರು: ಬೇಡ, ಹೇಳಬೇಡಿ. ಬೀಗ ಇರಲಿಲ್ಲವೆಂಬುದು ಈ ಕೋಣೆಯ ಹೊರಗೆ ಯಾರಿಗೂ ಗೊತ್ತಿಲ್ಲ. ನಾಳೆ ಮೇಷ್ಟ್ರು ಇದ್ದ ಉತ್ತರವನ್ನು ಹಾಗೆಯೇ ಒಪ್ಪಿಸಲಿ, ಎಲ್ಲ ತಾನಾಗಿ ತಿಳಿಯುತ್ತದೆ. ಈಗ ಬಾಯಿ ಬಿಟ್ಟರೆ ರಾತ್ರಿ ಬೆಳಗಾಗುವುದರೊಳಗೆ ತಿದ್ದಿದ್ದೆಲ್ಲ ಮತ್ತೆ ತಿದ್ದಿಹೋಗಿರುತ್ತದೆ.

ಚೂಟಿಯೂ ಮಾವನನ್ನು ನೋಡಿದಳು. ತಲೆ ಅಲ್ಲಾಡಿಸಿದ್ದನ್ನೂ ನೋಡಿದಳು. ಆಮೇಲೆ ತನ್ನ ತಲೆಯ ಮೇಲಿದ್ದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಳಿಸಿಕೊಂಡಳು.

“ಬೀಗ ಇರಲೇ ಇಲ್ಲ ಮೇಷ್ಟ್ರೇ,” ಎಂದಳು. “ಮೇಡಂ ಎಲ್ಲದಕ್ಕೂ ಒಂದೇ ಸಂಖ್ಯೆ ಹಾಕಿದ್ರಂತೆ. ನಮಗೆಲ್ಲ ಮೊದಲಿಂದಲೂ ನಿಜವಾದ ಉತ್ತರವೇ ಬರ್ತಾ ಇತ್ತು. ನಿಮಗೂ ಬಂದಿತ್ತು. ನಿಮ್ಮ ಲೆಕ್ಕ ಇನ್ನೊಂದ್ ಸಲ ನೋಡ್ಕೊಳಿ.”

ಮೇಷ್ಟ್ರು ಅವಳ ಮುಖವನ್ನೇ ನೋಡುತ್ತ ನಿಂತರು. ಕೈ ಇನ್ನೂ ಅವಳ ಕೈಯೊಳಗೇ ಇತ್ತು.

ಯಾಕೆ ನೋಡಿಕೊಳ್ಳಬೇಕು ಎಂದು ಅವರು ಕೇಳಲಿಲ್ಲ.